ಕೆಂಚಿಯ ಕಾಲುಂಗುರ

ಮುದ್ದೆ ತಿರುವುವಾಗ ಯಾರೂ ಕರೆಯಬಾರದು. ಕೋಲು ಒಂದು ಗಳಿಗೆ ನಿಂತರೂ ಹಿಟ್ಟು ಗಂಟು ಕಟ್ಟುತ್ತದೆ. ಆಮೇಲೆ ಆ ಗಂಟು ಯಾರ ತಟ್ಟೆಯಲ್ಲಿ ಸಿಕ್ಕಿದರೂ ತಪ್ಪು ನನ್ನದೇ. ಹಾಗಾಗಿ ಹಿತ್ತಲಿನಿಂದ ನಮ್ಮ ಯಜಮಾನರು ಕೂಗಿದಾಗ ನಾನು ಕೋಲು ಬಿಡಲಿಲ್ಲ.

“ವನಜಾ! ಎಲ್ಲಾ ಬಿಟ್ಟು ಬಾರೆ ಇಲ್ಲಿ!”

“ಮುದ್ದೆ ತಿರುವ್ತಾ ಇದೀನಿ ರೀ!”

“ಮುದ್ದೆ ದಿನಾ ಇರ್ತದೆ ಕಣೆ! ಇದು ಪ್ರಪಂಚದಲ್ಲೇ ಮೊದಲು!”

ನಮ್ಮ ಮನೆಯಲ್ಲಿ ಪ್ರಪಂಚದಲ್ಲೇ ಮೊದಲಾದವು ಬೇಕಾದಷ್ಟು ಆಗಿಹೋಗಿವೆ. ತಾನೇ ತೆಂಗಿನಕಾಯಿ ತುರಿಯುವ ಯಂತ್ರ ಕಾಯಿ ಮುಗಿಸಿ ಗೋಡೆಯನ್ನೂ ತುರಿಯಿತು. ಹಾಲು ಉಕ್ಕುವ ಮುಂಚೆ ಕೂಗಿ ಹೇಳುವ ಯಂತ್ರ ಇಡೀ ಬೀದಿಯ ಹಾಲಿಗೆ ಕೂಗತೊಡಗಿ, ಕೊನೆಗೆ ನಮ್ಮ ಹಾಲು ಉಕ್ಕಿದ್ದೇ ಗೊತ್ತಾಗಲಿಲ್ಲ. ಯಜಮಾನರು ಬೋರಲಿಂಗೇಗೌಡರು ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಯಂತ್ರದ ಉಸ್ತುವಾರಿ ನೋಡಿಕೊಂಡು ನಿವೃತ್ತರಾದವರು. ತೂಕದ ಮುಳ್ಳು ನಡುವೆ ಬಂದು ನಿಲ್ಲುವುದನ್ನು ನೋಡಿ ನೋಡಿ, ಲೋಕದಲ್ಲಿ ಯಾವುದೂ ಒಂದು ಕಡೆಗೆ ವಾಲಬಾರದು ಎಂಬ ನಂಬಿಕೆ ಅವರಲ್ಲಿ ಗಟ್ಟಿಯಾಗಿದೆ. ಮನೆಯೊಳಗಿನ ವಾಲಿಕೆ ಮಾತ್ರ ಅವರ ಕಣ್ಣಿಗೆ ಬಿದ್ದದ್ದಿಲ್ಲ.

ಎರಡನೆಯ ಕೂಗಿಗೆ ನಾನು ಎದ್ದೆ. ಮುದ್ದೆ ಗಂಟಾಯಿತು.

ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಯಂತ್ರ ಕೂತಿತ್ತು. ನನ್ನ ಹಳೆಯ ಕುಕ್ಕರು. ಹೊಟ್ಟೆಯೊಳಗೆ ತಾಮ್ರದ ಸುರುಳಿ, ನೆತ್ತಿಯ ಮೇಲೆ ಸೀಟಿ, ಸೀಟಿಯ ಸುತ್ತ ಛತ್ರಿಯ ಕಡ್ಡಿಗಳು. ಎದೆಯ ಮೇಲೆ ಗುಜರಿಯಿಂದ ತಂದ ತೂಕದ ಡಯಲು. ಅದರ ಎಡತುದಿಯಲ್ಲಿ ‘ಸಾಧು’ ಎಂದೂ ಬಲತುದಿಯಲ್ಲಿ ‘ರೌದ್ರ’ ಎಂದೂ ಕೆಂಪು ಬಣ್ಣದಲ್ಲಿ ಬರೆದಿದ್ದರು. ಬುಡದಿಂದ ಹೊರಟ ಹಸಿರು ತಂತಿ ಅರ್ತಿಂಗ್ ಗುಂಡಿಗೆ ಇಳಿದಿತ್ತು. ಉಪ್ಪು, ಇದ್ದಿಲು ತುಂಬಿದ ಆ ಗುಂಡಿಯನ್ನು ಮನೆ ಕಟ್ಟಿದಾಗ ಬೇಕೆಂದೇ ಒಗೆಯುವ ಕಲ್ಲಿನ ಬಳಿ ತೋಡಿಸಿದ್ದು, ಸದಾ ತೇವವಾಗಿರಲಿ ಎಂದು. ಪಕ್ಕದಲ್ಲೇ ಬೋರ್‌ವೆಲ್ಲಿನ ನಲ್ಲಿ. ನಮ್ಮ ಬಡಾವಣೆಗೆ ನೀರಿನ ಪೈಪು ಇನ್ನೂ ಬಂದಿಲ್ಲವಾದ್ದರಿಂದ ಬೀದಿಯ ಹೆಂಗಸರೆಲ್ಲ ಬೆಳಗ್ಗೆ ಅಲ್ಲೇ ಬಂದು ಕೊಡ ತುಂಬಿಕೊಳ್ಳುತ್ತಾರೆ.

ಯಂತ್ರದ ಮುಂದೆ ನಮ್ಮ ಹ್ಯಾಟೆಗಳು ಸಾಲಾಗಿ ನಿಂತಿದ್ದವು. ಹ್ಯಾಟೆ ಎಂದರೆ ಇನ್ನೂ ಮೊಟ್ಟೆಗೆ ಬಾರದ ಹರೆಯದ ಕೋಳಿ. ಪ್ರತಿಯೊಂದರ ಕಾಲಲ್ಲೂ ಏನೋ ಹೊಳೆಯುತ್ತಿತ್ತು. ಬಗ್ಗಿ ನೋಡಿದೆ.

“ರೀ! ಇವು ನನ್ನ ಹಳೇ ಕಾಲುಂಗುರ ಅಲ್ವಾ? ಬೆಳ್ಳಿ ಬೇಕು ಅಂತ ಇಸ್ಕೊಂಡ್ರಲ್ಲ!”

“ಬೆಳ್ಳಿ ಕರೆಂಟು ಚೆನ್ನಾಗಿ ಎಳೀತದೆ. ಕಾಲಿಗೆ ಹಾಕೋ ಉಂಗುರ ಅಂದ್ಮೇಲೆ ಕಾಲಿಗೇ ಹಾಕ್ದೆ. ಅಳತೆ ಕೊಟ್ಟು ಮಾಡ್ಸಿದಂಗೆ ಕೂತ್ಕತು ನೋಡು!”

ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಕೆಂಪಾಜಮ್ಮ ಕತ್ತೆತ್ತಿದರು. “ಏನ್ಲಾ ಬೋರಾ, ಯಾವ ಹುಂಜುನ್ ಜೊತೆ ಲಗ್ನ ಮಾಡ್ತಿದ್ದೀಯಲಾ ಇವ್ಕೆ?”

“ನಗಬೇಡ ಅವ್ವ. ಇದು ಕೋಪ ಸರಿದೂಗಿಸೋ ಯಂತ್ರ. ಭಾನುವಾರದೊಳಗೆ ಆ ಕೆಂಚೀನ ಹಸು ಮಾಡ್ತೀನಿ.”

ಕೆಂಚಿಯ ವಿಷಯ ಇಲ್ಲಿ ಹೇಳಬೇಕು. ಮರಿಗಳಾಗಿದ್ದಾಗ ಇವೆಲ್ಲ ಒಂದೇ ಮಂಕರಿ ಬುಟ್ಟಿಯ ಕೆಳಗೆ ಒತ್ತಿಕೊಂಡು ಮಲಗುತ್ತಿದ್ದವು. ಹರೆಯ ಬಂದದ್ದೇ ತಡ, ಯಾರು ಮೇಲು ಯಾರು ಕೀಳು ಎಂಬ ತಕರಾರು ಶುರುವಾಯಿತು. ಕೆಂಚಿ ಬಟ್ಟಲಿನ ಬಳಿ ಬಂದರೆ ಉಳಿದವು ಚದುರಬೇಕು. ಚದುರದಿದ್ದರೆ ಬೆನ್ನಿನ ಪುಕ್ಕ ಹೋಯಿತು ಎಂದೇ ಲೆಕ್ಕ. ಒಂದರ ಬಾಲದ ಬುಡ ಬೋಳಾಗಿ ರಕ್ತ ಜಿನುಗಿತು. ರಕ್ತ ಕಂಡದ್ದೇ ಉಳಿದವೂ ಸೇರಿಕೊಂಡು ಕುಕ್ಕಿದವು. ನಾನು ಗಾಯಕ್ಕೆ ಅರಿಶಿನ ಹಚ್ಚಿ ಅದನ್ನು ಬೇರೆ ಇಟ್ಟೆ. ಇನ್ನೊಂದು ಬಟ್ಟಲು ತಂದಿಟ್ಟೆ. ಕುಕ್ಕುವ ಚಟ ಇದ್ದವರು ಕುಕ್ಕಿಕೊಳ್ಳಲಿ ಎಂದು ಗೂಡಿನ ಬಾಗಿಲಿಗೆ ಸೊಪ್ಪಿನ ಕಟ್ಟು ನೇತುಹಾಕಿದೆ. ಕೆಂಚಿ ಎರಡು ಬಟ್ಟಲಿಗೂ, ಸೊಪ್ಪಿನ ಕಟ್ಟಿಗೂ ತಾನೇ ಒಡತಿಯಾದಳು. ಕಡೆಗೆ ಅತ್ತೆಯ ಹಿಮ್ಮಡಿಯನ್ನು ಕುಕ್ಕಿದಳು.

ಅಲ್ಲಿಗೆ ಅತ್ತೆಯ ತೀರ್ಪಾಯಿತು. “ಭಾನುವಾರ ಪುಷ್ಪ, ಅಳಿಯಂದ್ರು ಬತ್ತಾರೆ. ಈ ರಾಕ್ಷಸೀನ ಸಾರು ಮಾಡದೇಯ.”

ನನಗೆ ಕೆಂಚಿಯನ್ನು ಕಂಡರೆ ಒಳಗೊಳಗೇ ಇಷ್ಟ. ಹಸಿವಾದರೆ ಬಂದು ತಿನ್ನುತ್ತಾಳೆ, ಅಷ್ಟೇ. ಯಾರದು ಆಯಿತು, ಯಾರಿಗೆ ಸಾಲದು ಎಂದು ತಿರುಗಿ ನೋಡುವುದಿಲ್ಲ. ಒಂದು ಹೆಣ್ಣು ಜೀವ ಹೀಗೂ ಇರಬಹುದಲ್ಲ ಎಂದು ಕಾಳಿನ ಮೊರ ಹಿಡಿದು ಗೂಡಿನ ಮುಂದೆ ಎಷ್ಟೋ ಸಲ ನಿಂತದ್ದುಂಟು. ಆದರೆ ‘ಬೇಡ ಅತ್ತೆ’ ಎನ್ನುವುದು ನನಗೆ ಬರುವುದಿಲ್ಲ. ಮದುವೆಯಾದಾಗಿನಿಂದ ಆ ಮಾತು ಗಂಟಲವರೆಗೆ ಬರುತ್ತದೆ, ಉಗುಳಿನ ಜೊತೆ ವಾಪಸು ಹೋಗುತ್ತದೆ. ಹಾಗಾಗಿ, ಈ ಮನೆಗೆ ಕಾಲಿಟ್ಟ ಮೇಲೆ ಮೊದಲ ಬಾರಿಗೆ, ಯಜಮಾನರ ಯಂತ್ರ ಕೆಲಸ ಮಾಡಲಿ ದೇವರೇ ಎಂದು ನಾನು ಬೇಡಿಕೊಂಡೆ.

“ಒಂದು ಡ್ರಮ್ಮಲ್ಲಿ ನೀರು ಮೇಲದೆ, ಇನ್ನೊಂದ್ರಲ್ಲಿ ಕೆಳಗದೆ,” ಯಜಮಾನರು ವಿವರಿಸಿದರು. “ನಡುವೆ ಒಂದು ಪೈಪ್ ಹಾಕು. ಏನಾಯ್ತದೆ?”

“ಮನೆ ತುಂಬ ನೀರಾಯ್ತದೆ,” ಅಂದರು ಅತ್ತೆ.

“ಎರಡೂ ಒಂದೇ ಮಟ್ಟಕ್ಕೆ ಬತ್ತವೆ! ಕೋಪಾನೂ ಹಂಗೇಯ. ಜಾಸ್ತಿ ಇರೋ ಕಡೆಯಿಂದ ಕಮ್ಮಿ ಇರೋ ಕಡೆಗೆ ಹರೀತದೆ. ಮಿಕ್ಕಿದ್ದು ತಂತಿ ಹಿಡ್ದು ಭೂಮಿಗೆ ಹೋಯ್ತದೆ. ಭೂಮ್ತಾಯಿ ಎಲ್ಲಾನೂ ತಡ್ಕತಾಳೆ!”

ಸ್ವಿಚ್ಚು ಒತ್ತಿದರು. ಕುಕ್ಕರು ಗುಂಯ್‌ಗುಟ್ಟಿತು. ಛತ್ರಿಯ ಕಡ್ಡಿಗಳು ನಡುಗಿದವು. ಸೀಟಿ ಒಂದು ಸಲ ಕೂಗಿತು. ಅಭ್ಯಾಸಬಲದಿಂದ ನಾನು ಒಲೆ ಆರಿಸಲು ತಿರುಗಿದೆ. ಅಷ್ಟರಲ್ಲಿ ಡಯಲಿನ ಮುಳ್ಳು ‘ರೌದ್ರ’ದಿಂದ ಹೊರಟು ನಡುವೆ ನಿಲ್ಲದೆ ನೇರ ‘ಸಾಧು’ವಿಗೆ ಹೋಗಿ ಕೂತಿತು. ಕೆಂಚಿ ಒಂದು ಕಾಲೆತ್ತಿದಳು. ಇಳಿಸಿದಳು. ಆಮೇಲೆ ಬಟ್ಟಲಿನ ಹತ್ತಿರ ಹೋಗಿ, ಪಕ್ಕಕ್ಕೆ ಸರಿದು, ಉಳಿದವರಿಗೆ ದಾರಿ ಬಿಟ್ಟಳು!

“ನೋಡ್ದಾ ಅವ್ವ!” ಯಜಮಾನರು ಕುಣಿದರು.

“ಭಾನುವಾರ ಇನ್ನೂ ದೂರ ಅದೆ,” ಅಂದರು ಅತ್ತೆ.

ಗಂಟಿನ ಮುದ್ದೆಯನ್ನು ನಾನು ತಿಂದೆ. ಕೊನೆಗೆ ಉಳಿದದ್ದು ಯಾವಾಗಲೂ ನನ್ನದೇ.

ಸಂಜೆ ನೋಡುತ್ತೇನೆ, ಬಟ್ಟಲಿನ ಕಾಳು ಇಟ್ಟ ಹಾಗೇ ಇದೆ! ಕೋಳಿಗಳೆಲ್ಲ ಸುತ್ತ ನಿಂತು ಒಬ್ಬರ ಮುಖ ಒಬ್ಬರು ನೋಡುತ್ತಿವೆ. ಒಂದು ಮುಂದೆ ಬಂದು, ಪಕ್ಕದವಳು ತಿನ್ನಲಿಲ್ಲವಲ್ಲ ಎಂದು ಹಿಂದೆ ಹೋಗುತ್ತದೆ. ಪಕ್ಕದವಳು ಆಚೆಯವಳಿಗಾಗಿ ಕಾಯುತ್ತಾಳೆ. ಮದುವೆ ಮನೆಯಲ್ಲಿ ಬೀಗರ ಕಡೆಯ ಹೆಂಗಸರು ಪಂಕ್ತಿಗೆ ಕೂರುವ ಮುಂಚೆ ನಿಲ್ಲುತ್ತಾರಲ್ಲ, ಹಾಗೆ. ನಾನು ಒಂದೊಂದನ್ನೇ ಹಿಡಿದು, “ತಿನ್ನವ್ವ, ಪರವಾಗಿಲ್ಲ, ಎಲ್ಲಾರ್ಗೂ ಇದೆ” ಎಂದು ಬಲವಂತ ಮಾಡಿ ತಿನ್ನಿಸಬೇಕಾಯಿತು. ಕೆಂಚಿ ಎಲ್ಲರದ್ದೂ ಮುಗಿದ ಮೇಲೆ, ಚೆಲ್ಲಿದ್ದನ್ನು ಆರಿಸಿ ತಿಂದಳು. ಗೂಡಿಗೆ ಹೋಗುವಾಗ ಬಾಗಿಲಲ್ಲಿ ಎಲ್ಲರನ್ನೂ ಒಳಗೆ ಬಿಟ್ಟು ತಾನು ಹಿಂದೆ ಉಳಿದಳು. ನನಗೆ ಯಾಕೋ ಕಣ್ಣಿಗೆ ಕಸ ಬಿದ್ದಂತಾಯಿತು.

ಮಾರನೆಯ ಬೆಳಗ್ಗೆ ಪಕ್ಕದ ಮನೆಯ ಜಯಶೀಲ ನೀರಿಗೆ ಬಂದಳು. ಜಯಶೀಲಳ ಬಾಯಲ್ಲಿ ‘ಪರವಾಗಿಲ್ಲ ಬಿಡಿ’ ಬಿಟ್ಟು ಬೇರೆ ಮಾತು ಕೇಳಿದವರಿಲ್ಲ. ಕಾಲು ತುಳಿದರೆ ಪರವಾಗಿಲ್ಲ ಬಿಡಿ, ಕೊಡ ಒಡೆದರೆ ಪರವಾಗಿಲ್ಲ ಬಿಡಿ. ಒಗೆಯುವ ಕಲ್ಲಿನ ಬಳಿ ಬರಿಗಾಲಲ್ಲಿ ನಿಂತು ಕೊಡ ತುಂಬುತ್ತಿದ್ದವಳು ಇದ್ದಕ್ಕಿದ್ದಂತೆ ಒಂದು ಕಾಲೆತ್ತಿದಳು. ಇಳಿಸಿದಳು.

“ವನಜಕ್ಕ, ನಮ್ಮನೇರು ಕಾಫಿಗೆ ಸಕ್ಕರೆ ಕಮ್ಮಿ ಅಂತಾರೆ ದಿನಾ.”

“ಹೌದಾ?”

“ಇವತ್ತು ಅವರೇ ಮಾಡ್ಕಳ್ಳಲಿ.”

ಕೊಡ ಸೊಂಟಕ್ಕೇರಿಸಿ ಹೊರಟುಹೋದಳು. ಸ್ವಲ್ಪ ಹೊತ್ತಿಗೆ ಅವರ ಮನೆಯಿಂದ ಅವಳ ಗಂಡ ಸಿದ್ದಯ್ಯ ಮೇಷ್ಟ್ರು “ಅಯ್ಯಯ್ಯೋ! ಕುಕ್ಕಬೇಡ್ವೇ! ತಲೆ ಕಣೇ ಅದು!” ಎಂದು ಅರಚುವುದು ಕೇಳಿಸಿತು. ಮೇಷ್ಟ್ರದು ಬೋಳುತಲೆ, ಗುರಿ ತಪ್ಪುವಂತಿಲ್ಲ.

ಆ ದಿನ ಮಧ್ಯಾಹ್ನ ನಾನು ಬಟ್ಟೆ ಒಗೆದು ಬಂದು ಮುದ್ದೆ ಕಟ್ಟಿದೆ. ಮೊದಲ ಮುದ್ದೆಯನ್ನು ಒಂದು ತಟ್ಟೆಗೆ ಹಾಕಿ, ಸಾರು ಬಿಟ್ಟುಕೊಂಡು, ಕೂತು ತಿನ್ನತೊಡಗಿದೆ. ವಿಶೇಷವಾಗಿ ಏನೂ ಅನ್ನಿಸಲಿಲ್ಲ. ಹಸಿವಾಗಿತ್ತು.

ಯಜಮಾನರು ಬಾಗಿಲಲ್ಲಿ ನಿಂತರು. ಅವರ ಹಿಂದೆ ಅತ್ತೆ.

“ಯಾಕಮ್ಮಿ? ಹುಸಾರಿಲ್ವಾ?” ಎಂದರು ಅತ್ತೆ.

“ಹಸಿವಾಯ್ತು ಅತ್ತೆ. ಪಾತ್ರೇಲಿದೆ, ಬಡಿಸ್ಕೊಳ್ಳಿ.”

ಯಜಮಾನರು ಹತ್ತಿರ ಬಂದು ಪಾತ್ರೆಗೆ ಕೈ ಹಾಕಿದರು. ನನ್ನ ಕೈಯ ಸೌಟು ತಾನೇ ಹೋಗಿ ಅವರ ಮಣಿಕಟ್ಟಿನ ಮೇಲೆ ಟಕ್ ಎಂದು ಕುಕ್ಕಿತು. ನಾವಿಬ್ಬರೂ ಸೌಟನ್ನೇ ನೋಡಿದೆವು.

“ನಾನು ತಿಂದಾದ್ಮೇಲೆ,” ಅಂದೆ.

ಅವರು ಕೈ ಉಜ್ಜಿಕೊಳ್ಳುತ್ತ ಹೊರಗೆ ಹೋದರು. ಬೈಯುವುದಕ್ಕಲ್ಲ, ಕರೆಂಟು ಅಳೆಯುವ ಮೀಟರು ತರುವುದಕ್ಕೆ.

ಅವರ ಸಂಶೋಧನೆ ಮುಗಿಯುವಷ್ಟರಲ್ಲಿ ಬೀದಿ ಹದಗೆಟ್ಟಿತ್ತು. ನಲ್ಲಿಯ ಮುಂದೆ ಯಾರು ಮೊದಲು ಎಂಬ ಜಗಳ ಶುರುವಾಗಿ, ಜಯಶೀಲ ಎಲ್ಲರನ್ನೂ ಒಂದೊಂದು ಮಾತಿನಿಂದ ಕುಕ್ಕಿ ಮೊದಲ ಜಾಗ ಹಿಡಿದಿದ್ದಳು. ಅಂಗಡಿಯವನ ಹೆಂಡತಿ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಗಂಡನನ್ನು ಮೂಟೆ ಹೊರಲು ಕಳಿಸಿದಳು. ಗಂಡಸರಿಗೆ ಮಾತ್ರ ಏನೂ ಆಗಲಿಲ್ಲ. ನಮ್ಮ ಅತ್ತೆಗೂ ಆಗಲಿಲ್ಲ. ಅವರು ಎಂದಿನಂತೆಯೇ ಬೈದುಕೊಂಡಿದ್ದರು.

ಸಿದ್ದಯ್ಯ ಮೇಷ್ಟ್ರು ತಲೆಗೆ ಟವಲು ಸುತ್ತಿಕೊಂಡು, ಬೀದಿಯ ಗಂಡಸರನ್ನು ಕಟ್ಟಿಕೊಂಡು, ನಮ್ಮ ಹಿತ್ತಲಿಗೆ ಬಂದರು. ಏನು ತೀರ್ಮಾನವಾಗುತ್ತದೋ ನೋಡೋಣ ಎಂದು ಜಯಶೀಲಳೂ ಬಂದು ತುಳಸಿಕಟ್ಟೆಯ ಪಕ್ಕ ಕೂತಳು.

“ಗೌಡ್ರೆ, ಏನ್ರೀ ಇದು ನಿಮ್ಮ ಯಂತ್ರ?”

ಯಜಮಾನರು ನೆಲದಲ್ಲಿ ಮೀಟರು ನೆಟ್ಟು ಮಂಡಿಯೂರಿ ಕೂತಿದ್ದರು. ಮುಖದಲ್ಲಿ ಹಬ್ಬದ ಕಳೆ. “ಸಿಕ್ಕಿಬಿಡ್ತು ಮೇಷ್ಟ್ರೆ! ಕೋಳಿ ಕಾಲಲ್ಲಿ ಕಾಲುಂಗುರ. ಹೆಂಗಸ್ರ ಕಾಲಲ್ಲೂ ಕಾಲುಂಗುರ. ನಡುವೆ ಒದ್ದೆ ನೆಲ. ಕೋಳಿ ಕೋಪ ಭೂಮಿಗಿಳಿಯೋ ಬದಲು ಅಡ್ಡದಾರೀಲಿ ಇವರ ಕಾಲಿಗೆ ಹತ್ಕತದೆ. ಇವರ ತಾಳ್ಮೆ ಕೋಳಿಗೆ ಹೋಯ್ತದೆ! ಎಂಥಾ ಸುಲಭ, ಎಂಥಾ ಚಂದ!”

“ಚಂದ ಆಮೇಲೆ ನೋಡೋಣ. ಮೊದ್ಲು ಆಫ್ ಮಾಡ್ರಿ!”

“ಭಾನುವಾರದ ತಂಕ ಆಗಲ್ಲ. ಕೆಂಚಿ ಸಾಧು ಆದ್ಲು ಅಂತ ಅವ್ವ ಕಣ್ಣಾರೆ ಕಂಡು ಒಪ್ಕಬೇಕು. ಅಲ್ಲೀಗಂಟ ನಿಮ್ಮ ಹೆಂಗಸ್ರು ನೀರಿಗೆ ಬರುವಾಗ ಕಾಲುಂಗುರ ತೆಗೆದಿಟ್ಟು ಬರ್ಲಿ, ಆಯ್ತು.”

ಜಯಶೀಲ ಸೀರೆ ಸ್ವಲ್ಪ ಎತ್ತಿ ಕಾಲ್ಬೆರಳಿಗೆ ಕೈ ಹಾಕಿದಳು.

“ತೆಗೀಲೇನ್ರಿ?”

“ಏಯ್! ಏಯ್! ಮುಟ್ಟಬೇಡ!” ಮೇಷ್ಟ್ರು ಹಾರಿಬಿದ್ದರು. “ಗಂಡ ಬದುಕಿರೋವಾಗ ಕಾಲುಂಗುರ ತೆಗೀತಾರೇನೇ? ನಂಗಿನ್ನೂ ಪೆನ್ಷನ್ನೇ ಸುರುವಾಗಿಲ್ಲ!”

“ಬರೀ ನೀರು ತುಂಬೋ ಅಷ್ಟು ಹೊತ್ತು ರೀ.”

“ಅಷ್ಟು ಹೊತ್ತಲ್ಲೇ ಏನಾದ್ರೂ ಆಗೋದ್ರೆ?”

“ಹಂಗಾದ್ರೆ ಕುಕ್ಕಿಸ್ಕೊಳ್ಳಿ,” ಅಂದಳು ಜಯಶೀಲ. ಉಳಿದ ಗಂಡಸರೂ ತಮ್ಮತಮ್ಮ ಆಯುಸ್ಸನ್ನು ನೆನೆದು ತಲೆ ತಗ್ಗಿಸಿದರು.

ಚಪ್ಪಲಿ ಹಾಕಿಕೊಂಡು ಬರಲಿ ಎಂದರು ಒಬ್ಬರು. “ತುಳಸಿಕಟ್ಟೆ ಮುಂದೆ ಚಪ್ಪಲಿಯಾ? ಕಾಲು ಮುರೀತೀನಿ,” ಎಂದು ಅತ್ತೆ ಜಗಲಿಯಿಂದಲೇ ಆ ದಾರಿ ಮುಚ್ಚಿದರು.

ಕೊನೆಗೆ ಉಳಿದದ್ದು ಒಂದೇ ದಾರಿ. ಮರುದಿನ ಬೆಳಗ್ಗೆ ಬೀದಿಯ ಗಂಡಸರೆಲ್ಲ ಕೊಡ ಹಿಡಿದು ನಮ್ಮ ನಲ್ಲಿಯ ಮುಂದೆ ಸಾಲಾಗಿ ನಿಂತರು. ಮೇಷ್ಟ್ರಿಗೆ ಕೊಡ ಸೊಂಟದ ಮೇಲೆ ನಿಲ್ಲುವುದಿಲ್ಲ. ತಲೆಯ ಮೇಲೆ ಇಡೋಣವೆಂದರೆ ತಲೆ ನೋವು. ಎದೆಗೆ ಅಪ್ಪಿಕೊಂಡು ಹೋದರು. ನೀರಿಗೆ ಬಾರದ ಜಯಶೀಲ ಬಿಸಿಲೇರುವ ಹೊತ್ತಿಗೆ ತಣ್ಣಗಾದಳು. ದಾರಿಯುದ್ದಕ್ಕೂ ಗಂಡ ಚೆಲ್ಲಿದ ನೀರು ನೋಡಿ “ಪರವಾಗಿಲ್ಲ ಬಿಡಿ” ಅಂದಳಂತೆ. ಆದರೆ ನೀರಿಗೆ ಮಾತ್ರ ಮತ್ತೆ ಬರಲಿಲ್ಲ.

ನನಗೆ ಹಾಗಿರಲಿಲ್ಲ. ಕಲ್ಲು, ನಲ್ಲಿ, ಗುಂಡಿ ಎಲ್ಲ ನನ್ನ ಹಿತ್ತಲಲ್ಲೇ. ದಿನವೂ ಮೊದಲು ಉಂಡೆ. ಸೌಟು ದಿನವೂ ತನ್ನ ಕೆಲಸ ಮಾಡಿತು.

ಶನಿವಾರ ಸಂಜೆ ಯಜಮಾನರು ದೂರದಲ್ಲಿ ನಿಂತು ಮೆಲ್ಲಗೆ ಹೇಳಿದರು. “ವನಜಾ, ನಾಳೆ ಪುಷ್ಪನ ಗಂಡ ಬತ್ತಾರೆ. ಅವರ ಕೈಮೇಲೆ ಕುಕ್ಕಬೇಡ ಕಣೆ. ಒಂದೇ ಒಂದಿನ. ಮನೆ ಮರ್ಯಾದೆ.”

ಮನೆ ಮರ್ಯಾದೆ ಎಂದರೆ ನಾನು ಎಂದೂ ಎದುರಾಡಿದವಳಲ್ಲ, ಯಂತ್ರವಿದ್ದರೂ ಅಷ್ಟೇ. ಅಡುಗೆಮನೆಯ ಬಾಗಿಲು ಮುಚ್ಚಿ, ಬೆರಳಿಗೆ ಸೋಪು ಹಚ್ಚಿ, ಎರಡೂ ಕಾಲುಂಗುರ ಎಳೆದು ತೆಗೆದೆ. ಅವು ಕೂತಿದ್ದ ಜಾಗ ಬೆಳ್ಳಗೆ, ತೆಳ್ಳಗೆ, ಬೇರೆ ಯಾರದೋ ಬೆರಳಿನಂತಿತ್ತು. ಮದುವೆಯಾದಾಗಿನಿಂದ, ಹಳೆಯದು ಬಿಚ್ಚಿ ಹೊಸದು ಹಾಕಿಸಿಕೊಂಡ ಗಳಿಗೆ ಬಿಟ್ಟರೆ, ಆ ಬೆರಳು ಗಾಳಿ ಕಂಡಿರಲಿಲ್ಲ. ಉಂಗುರಗಳನ್ನು ತೊಗರಿಬೇಳೆಯ ಡಬ್ಬದಲ್ಲಿ ಹುದುಗಿಸಿಟ್ಟೆ.

ಬೆಳಗ್ಗೆ ಯಜಮಾನರು ಎದ್ದು ಕಾಫಿ ಕೇಳಿದರು. ಆಯುಸ್ಸಿಗೆ ಏನೂ ಆಗಿರಲಿಲ್ಲ. ಎಲ್ಲರಿಗೂ ಕೊಟ್ಟು, ಆರಿದ ಕಾಫಿಯನ್ನು ನಾನು ಕೊನೆಗೆ ಕುಡಿದೆ. ಸೌಟು ಸುಮ್ಮನಿತ್ತು. ನನ್ನ ತಾಳ್ಮೆ ಹಳೆಯ ಪರಿಚಯದವರ ಹಾಗೆ ಮನೆಗೆ ವಾಪಸು ಬಂದು ಮೂಲೆಯಲ್ಲಿ ಕೂತಿತು.

ನಾದಿನಿ ಪುಷ್ಪ, ಅವಳ ಗಂಡ ನಿಂಗರಾಜಣ್ಣ ಬಂದರು. ಅಳಿಯಂದಿರು ಬಂದವರೇ ಹಿತ್ತಲಿಗೆ ನಡೆದು, “ಎಲ್ಲಿ ಭಾವ, ಆ ಜೋರಿನ ಕೋಳಿ?” ಎಂದು ತೋಳು ಮಡಿಸಿದರು.

“ಈಗ ಜೋರಿಲ್ಲ ಭಾವ!” ಯಜಮಾನರು ಎದೆಯುಬ್ಬಿಸಿದರು. “ಅವ್ವ, ಬಂದು ನೋಡು. ಕೆಂಚಿ ಸಾಧು ಆಗವ್ಳೆ. ಮಾತು ಅಂದ್ರೆ ಮಾತು. ಇನ್ನವಳ್ನ ಬುಟ್ಬುಡು.”

ಅತ್ತೆ ಮಚ್ಚು ಹಿಡಿದುಕೊಂಡೇ ಬಂದರು. “ಆಗ್ಲಿ ಬುಡ್ಲಾ. ಒಳ್ಳೇದೇ ಆಯ್ತು. ಹಿಡಿಯಕ್ಕೆ ಓಡದು ತಪ್ತು.”

ಯಜಮಾನರು ತಿರುಗಿ ಯಂತ್ರ ನೋಡಿದರು. ಈ ಫಲಿತಾಂಶ ಅವರ ಡಯಲಿನಲ್ಲಿ ಎಲ್ಲೂ ಇರಲಿಲ್ಲ.

ಕೆಂಚಿಯನ್ನು ಯಾರೂ ಕರೆಯಲಿಲ್ಲ. ಮಚ್ಚು ಕಂಡದ್ದೇ ತಾನಾಗಿ ನಡೆದು ಬಂದಳು. ಒಗೆಯುವ ಕಲ್ಲಿನ ಪಕ್ಕ ನಿಂತು ಕತ್ತು ತಗ್ಗಿಸಿದಳು. ತೊಂದರೆ ಕೊಟ್ಟದ್ದಕ್ಕೆ ಕ್ಷಮಿಸಿ ಎನ್ನುವ ಹಾಗೆ ಸ್ವಲ್ಪ ಪಕ್ಕಕ್ಕೆ ತಿರುಗಿ ಮಚ್ಚಿಗೆ ಅನುಕೂಲವನ್ನೂ ಮಾಡಿಕೊಟ್ಟಳು. ಅವಳ ಹಿಂದೆ ಉಳಿದ ಹ್ಯಾಟೆಗಳು, ಸರದಿ ಬಂದರೆ ಕಾಯಿಸಬಾರದು ಎಂದು, ಸಾಲಾಗಿ ಬಂದು ನಿಂತವು.

“ಎಂಥಾ ಮರ್ಯಾದಸ್ತ ಕೋಳಿ ಭಾವ!” ಎಂದರು ನಿಂಗರಾಜಣ್ಣ.

ಕೆಂಚಿಯ ಕಾಲಲ್ಲಿ ನನ್ನ ಹ್ಯಾಟೆ ವಯಸ್ಸಿನ ಕಾಲುಂಗುರವಿತ್ತು. ಮದುವೆಯ ದಿನದ್ದು. ಸವೆದು ಅಂಚು ತೆಳುವಾಗಿದ್ದರೂ ಮಾವಿನಕಾಯಿಯ ಅಚ್ಚು ಗುರುತು ಸಿಕ್ಕಿತು. ಅದನ್ನು ಹಾಕಿಸಿಕೊಂಡ ದಿನ ನಾನೂ ಹೀಗೇ ಕತ್ತು ತಗ್ಗಿಸಿದ್ದೆ. ನಿಂತದ್ದೂ ಹೀಗೇ, ಎಲ್ಲರಿಗೂ ಅನುಕೂಲವಾಗುವ ಹಾಗೆ.

“ಬೇಡ ಅತ್ತೆ.”

ಯಾರು ಅಂದದ್ದು ಎಂದು ಎಲ್ಲರೂ ನೋಡಿದರು. ನಾನೂ ನೋಡಿದೆ.

“ಏನಂದೆ?” ಅಂದರು ಅತ್ತೆ.

“ಬೇಡ ಅಂದೆ. ಕೆಂಚೀನ ಕುಯ್ಯೋ ಹಾಗಿಲ್ಲ. ಇವತ್ತೂ ಇಲ್ಲ, ಇನ್ನೊಂದಿನಾನೂ ಇಲ್ಲ. ಬೇಳೆ ಇದೆ, ಬೇಳೆಸಾರು ಮಾಡೋಣ.”

ಹೋಗಿ ಕೆಂಚಿಯನ್ನು ಎತ್ತಿ ಕಂಕುಳಲ್ಲಿ ಇರುಕಿಕೊಂಡೆ.

“ಅತ್ತಿಗೆಗೆ ಏನಾಯ್ತಣ್ಣ?” ಪುಷ್ಪ ಪಿಸುಗುಟ್ಟಿದಳು.

“ಅವಳಲ್ಲ ಪುಷ್ಪ, ಯಂತ್ರ!” ಯಜಮಾನರು ಕುಕ್ಕರಿನ ಬೆನ್ನು ತಟ್ಟಿದರು. “ನೋಡಿದ್ರಾ ಭಾವ, ಎಷ್ಟು ಪವರ್ ಅದೆ!”

ಯಾರೂ ನನ್ನ ಕಾಲು ನೋಡಲಿಲ್ಲ. ಹೆಂಗಸಿನ ಕಾಲನ್ನು ನಮಸ್ಕಾರಕ್ಕೆ ಬಿಟ್ಟರೆ ಯಾರು ನೋಡುತ್ತಾರೆ? ಬರಿಬೆರಳುಗಳನ್ನು ಸೀರೆಯ ಅಂಚಿನ ಕೆಳಗೆ ಎಳೆದುಕೊಂಡೆ.

“ಬೇಳೆಸಾರಂತೆ, ಬೇಳೆಸಾರು! ಅಳಿಯಂದ್ರಿಗೆ!” ಅತ್ತೆ ಮಚ್ಚನ್ನು ಕಲ್ಲಿನ ಮೇಲೆ ಬಿಸಾಡಿದರು. ಸಿಟ್ಟು ಅವರ ನೆತ್ತಿಯಿಂದ ಆವಿಯಂತೆ ಏಳುತ್ತಿತ್ತು. “ನೀನ್ ಮಾಡ್ಬೇಡ ಕಣಮ್ಮಿ. ನಾನೇ ಮಾಡ್ತೀನಿ!” ಎಂದು ದಡದಡ ಒಳಗೆ ನಡೆದರು.

ಡಬ್ಬದ ಮುಚ್ಚಳ ತೆಗೆದ ಸದ್ದು ಕೇಳಿದಾಗಷ್ಟೇ ನನಗೆ ನೆನಪಾದದ್ದು, ಆ ಬೇಳೆಯೊಳಗೆ ಏನಿದೆಯೆಂದು.

ಕೂಗು ಬರುತ್ತದೆ ಎಂದು ಕಾದೆ. ಬರಲಿಲ್ಲ. ಮುಚ್ಚಳ ಮತ್ತೆ ಹಾಕಿದ ಸದ್ದೂ ಬರಲಿಲ್ಲ.

ತುಂಬ ಹೊತ್ತಿನ ಮೇಲೆ ಅತ್ತೆ ಬೇಳೆಯ ಬಟ್ಟಲು ಹಿಡಿದು ಹೊರಗೆ ಬಂದರು. ನಡಿಗೆ ಎಂದಿನಂತಿರಲಿಲ್ಲ, ಕಾಲು ಎತ್ತದೆ, ಸೀರೆಯ ಅಂಚು ನೆಲಕ್ಕೆ ಒತ್ತಿಸಿಕೊಂಡು ಮೆಲ್ಲಗೆ ನಡೆದರು. ನಲ್ಲಿಯ ಬಳಿ ಬಂದು, ಒದ್ದೆ ಕಲ್ಲಿನ ಮೇಲೆ ನಿಂತು, ಬೇಳೆ ತೊಳೆಯಲು ಬಗ್ಗಿದರು.

ಕುಕ್ಕರು ಸೀಟಿ ಹಾಕಿತು.

ಡಯಲಿನ ಮುಳ್ಳು ‘ಸಾಧು’ವಿನಿಂದ ಎದ್ದು, ಒಂದು ಸುತ್ತಿಗೇ ‘ರೌದ್ರ’ವನ್ನು ದಾಟಿ, ತುದಿಯ ಮೊಳೆಗೆ ಬಡಿದು ಬಾಗಿಹೋಯಿತು. ಯಜಮಾನರು ಕಿರುಚಿದರು: “ಉಲ್ಟಾ ಹರೀತದೆ! ಕೋಳಿಗಿಂತ ಮೇಲ್ಮಟ್ಟದ ಕೋಪ ಎಲ್ಲಿಂದಲೋ ಕೋಳಿಗೆ ಹರೀತದೆ! ಎಲ್ಲಿಂದ? ಎಲ್ಲಿಂದ?”

ಎಲ್ಲಿಂದ ಎಂದು ನನಗೆ ಗೊತ್ತಿತ್ತು. ಆದರೆ ಉತ್ತರ ಕೊಡುವಷ್ಟು ಹೊತ್ತು ಸಿಗಲಿಲ್ಲ. ಕೆಂಚಿ ನನ್ನ ಕಂಕುಳಿನಿಂದ ಸಿಡಿದು ನಿಂಗರಾಜಣ್ಣನ ಎದೆಗೆ ಹಾರಿದಳು! ಸಾಲಾಗಿ ನಿಂತಿದ್ದ ಹ್ಯಾಟೆಗಳು ಸಾಲು ಮುರಿಯದೆ ಹಿಂಬಾಲಿಸಿದವು. ಅಳಿಯಂದಿರು ಹಿತ್ತಲನ್ನು ಸುತ್ತಿದರು, ತುಳಸಿಕಟ್ಟೆ ಸುತ್ತಿದರು, ಕೊನೆಗೆ ಪಂಚೆಯನ್ನು ಕೆಳಗೆ ಬಿಟ್ಟು ಸೀಬೆಮರ ಹತ್ತಿದರು. ಕೋಳಿಗಳು ಪಂಚೆಯನ್ನು ಕುಕ್ಕಿ ಜಾಲರಿ ಮಾಡಿ, ಮರದ ಸುತ್ತ ಕಾವಲು ನಿಂತವು.

“ಭಾವ! ಆಫ್ ಮಾಡ್ರಿ ಅದ್ನ!”

“ಅಲ್ಲಾಡ್ಬೇಡಿ ಭಾವ! ರೀಡಿಂಗ್ ತಗೋತಿದೀನಿ!”

ರೀಡಿಂಗು ಮುಗಿಯಲಿಲ್ಲ. ಅಷ್ಟು ಕೋಪವನ್ನು ಕುಕ್ಕರು ಎಂದೂ ಬೇಯಿಸಿರಲಿಲ್ಲ. ಛತ್ರಿಯ ಕಡ್ಡಿಗಳು ಗಿರ್ರನೆ ತಿರುಗಿದವು, ಯಂತ್ರ ನೆಲ ಬಿಟ್ಟು ಎದ್ದಿತು, ಹಸಿರು ತಂತಿ ಕಿತ್ತುಕೊಂಡು, ಸೀಟಿ ಹಾಕುತ್ತ ಸೀಬೆಮರದ ಮೇಲಿಂದ ಹಾದು, ಸಿದ್ದಯ್ಯ ಮೇಷ್ಟ್ರ ತಾರಸಿಯ ಮೇಲಿದ್ದ ಡಿಶ್ಶಿನೊಳಗೆ ಹೋಗಿ ಕೂತುಕೊಂಡಿತು. ಆಚೆಯಿಂದ ಮೇಷ್ಟ್ರ ಕೂಗು ಬಂತು. ಅದರ ಹಿಂದೆ ಜಯಶೀಲಳ ದನಿ: “ಪರವಾಗಿಲ್ಲ ಬಿಡಿ.”

ಆ ಗದ್ದಲದಲ್ಲಿ ಅತ್ತೆ ಬೇಳೆಯ ಬಟ್ಟಲು ಹಿಡಿದು ಅದೇ ಕಲ್ಲಿನ ಮೇಲೆ ನಿಂತಿದ್ದರು. ಅವರ ಮುಖ ನಾನು ಎಂದೂ ನೋಡದಷ್ಟು ಖಾಲಿಯಾಗಿತ್ತು. ಖಾಲಿ ಎನ್ನಬಾರದು, ಹಗುರವಾಗಿತ್ತು.

“ವನಜಾ, ಆಗ್ಲಿಂದ ನಿಂತೇ ಇದ್ದೀಯಲ್ಲವ್ವ. ಬೆಳಗ್ಗೆ ಏನಾರ ತಿಂದ್ಯಾ?”

ನಾನು ಈ ಮನೆಗೆ ಬಂದ ಮೇಲೆ ಆ ಪ್ರಶ್ನೆಯನ್ನು ಅವರು ಕೇಳಿದ್ದು ಅದೇ ಮೊದಲು. ನಾನು ಇಲ್ಲ ಎಂದು ತಲೆಯಾಡಿಸಿದೆ. ಅವರು ತಲೆ ತಗ್ಗಿಸಿ ನನ್ನ ಪಾದ ನೋಡಿದರು. ಬರಿಬೆರಳು. ನಾನು ಅವರ ಪಾದ ನೋಡಿದೆ. ನೀರಿಗೆ ಅಂಚು ಒದ್ದೆಯಾಗಿ ಸರಿದಿತ್ತು. ಮಾವ ಹೋದಾಗ ತೆಗೆಸಿದ ಜಾಗದಲ್ಲಿ, ಸುಕ್ಕುಬಿದ್ದ ಬೆರಳುಗಳಿಗೆ, ನನ್ನ ಉಂಗುರಗಳು ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿದ್ದವು.

ಅತ್ತೆ ಸೀರೆ ಸರಿಮಾಡಿಕೊಂಡರು. ನಾನೂ ಸರಿಮಾಡಿಕೊಂಡೆ.

“ಸಾರಿಗೆ ಹುಣಸೆಹಣ್ಣು ಎಲ್ಲದೆ?” ಎಂದರು.

“ಮೇಲಿನ ಗೂಡಲ್ಲಿ ಅತ್ತೆ,” ಅಂದೆ.

ಸಂಜೆಯ ಹೊತ್ತಿಗೆ ಎಲ್ಲ ತನ್ನ ಮಟ್ಟಕ್ಕೆ ಬಂತು. ನಿಂಗರಾಜಣ್ಣನನ್ನು ಏಣಿ ಹಾಕಿ ಇಳಿಸಿ, ಯಜಮಾನರ ಪಂಚೆ ಉಡಿಸಿ ಕಳಿಸಿಕೊಟ್ಟೆವು. ಅತ್ತೆ ಸಾರಿಗೆ ಉಪ್ಪು ಸಾಲದೆಂದು ನನ್ನನ್ನು ಬೈದರು. ಸಾರು ಅವರೇ ಮಾಡಿದ್ದು. ಕೋಳಿಗಳು ಕೆಲವು ದಿನ ಕುಕ್ಕಾಡಿ ತಮ್ಮತಮ್ಮ ಜಾಗ ಹಿಡಿದವು. ಜಾಗ ಗೊತ್ತಾದ ಮೇಲೆ ರಕ್ತ ಬರುವಂಥ ಜಗಳ ನಿಂತಿತು. ಈಗ ಕೆಂಚಿ ಕುಕ್ಕುವುದಿಲ್ಲ, ತಿರುಗಿ ನೋಡುತ್ತಾಳೆ, ಅಷ್ಟೇ ಸಾಕು. ಮೊಟ್ಟೆಗೂ ಬಂದಿದ್ದಾಳೆ. ಉಳಿದವುಗಳ ಕಾಲುಂಗುರ ಬಿಚ್ಚಿದೆವು. ಅವಳದನ್ನು ಬಿಚ್ಚಲು ಯಾರಿಗೂ ಧೈರ್ಯ ಬರಲಿಲ್ಲ. ಅತ್ತೆಯ ಸೀರೆಯ ಅಂಚು ಅಂದಿನಿಂದ ಒಂದಿಷ್ಟು ಕೆಳಗಿಳಿದಿದೆ. ಏಕೆಂದು ನಾನು ಕೇಳಿಲ್ಲ. ನನ್ನ ಉಂಗುರ ಎಲ್ಲಿ ಎಂದು ಅವರೂ ಕೇಳಿಲ್ಲ.

ಯಂತ್ರ ಹೋದ ಮರುದಿನ ನಾನು ಮುದ್ದೆ ತಿರುವುತ್ತಿದ್ದೆ. ಯಾರೂ ಕರೆಯಲಿಲ್ಲ. ನುಣ್ಣಗೆ ಬಂತು. ಮೊದಲನೆಯದನ್ನು ಕಟ್ಟಿ ನನ್ನ ತಟ್ಟೆಗೆ ಹಾಕಿಕೊಂಡು ಕೂತೆ.

ಯಜಮಾನರು ಬಾಗಿಲಲ್ಲಿ ನಿಂತು ನೋಡಿದರು. ತೋಳಿನ ಕೆಳಗೆ ಮೀಟರು.

“ಯಂತ್ರ ಹಾಳಾಗೋಯ್ತಲ್ಲೇ. ಇನ್ನೂ ಯಾಕೆ ಹಿಂಗೆ?”

“ನೆಲದಲ್ಲಿ ಇನ್ನೂ ಕರೆಂಟು ಉಳಿದಿರಬೇಕು ರೀ.”

ಅವರು ಯೋಚಿಸಿದರು. ಮುಖ ನಿಧಾನವಾಗಿ ಬೆಳಗಿತು. “ಇರ್ತದೆ! ಇದ್ದಿಲು ಹಿಡ್ಕೊಂಡಿರ್ತದೆ! ಎಷ್ಟು ದಿನ ಇರಬೌದು ಅಂತೀಯ?”

“ನಂಗೇನು ಗೊತ್ತು? ವಿಜ್ಞಾನಿ ನೀವು.”

ಎಷ್ಟು ದಿನ ಎಂಬುದನ್ನು ನಾನು ಆಗಲೇ ತೀರ್ಮಾನ ಮಾಡಿಯಾಗಿತ್ತು. ಯಾರಿಗೂ ಹೇಳಲಿಲ್ಲ. ಅವರು ಹಿತ್ತಲಿಗೆ ಹೋಗಿ ನೆಲದಲ್ಲಿ ಮೀಟರು ನೆಟ್ಟರು. ನಾನು ಮುದ್ದೆ ಮುರಿದೆ, ಗಂಟಿರಲಿಲ್ಲ.